ಬನಿಯನ್ನಿನ ಫೋಟೊ

ಎಲ್ಲ ಅನಾಹುತಕ್ಕೂ ಕಾರಣ ಒಂದು ಬನಿಯನ್ನು. ಚಿಕ್ಕಬಾಣಾವರದ ನಂದಕುಮಾರ ಕೆನಡಾದ ವಿನಿಪೆಗ್ ಎಂಬ ಊರಿಗೆ ಹೋಗಿದ್ದು ಬೇಕರಿಯಲ್ಲಿ ಬ್ರೆಡ್ ಬೇಯಿಸುವ ಕೆಲಸಕ್ಕೆ. ಮೊದಲ ಹಿಮ ಬಿದ್ದ ದಿನ ಹವಾಯಿ ಚಪ್ಪಲಿಯಲ್ಲೇ ಅಂಗಳಕ್ಕಿಳಿದು, ಅಂಗಾತ ಬಿದ್ದು, ಮೂಗಿನ ಕೂದಲೂ ಮರಗಟ್ಟಿದ್ದು ತಿಳಿದು “ಅಯ್ಯೋ ಅಮ್ಮಾ” ಎಂದು ಒಳಗೋಡಿದ್ದ. ಅದನ್ನು ಊರಿಗೆ ಹೇಳುವುದುಂಟೆ? ಮಾರನೆಯ ದಿನ ಬೇಕರಿಯ ಹಿತ್ತಲಲ್ಲಿ ಜಾಕೆಟ್ ಕಳಚಿ, ಮಂಡಿಯುದ್ದ ಹಿಮದಲ್ಲಿ ಬರೀ ಬನಿಯನ್ನಿನಲ್ಲಿ ನಿಂತು, ಜೊತೆಗಾರನ ಕೈಲಿ ಫೋಟೊ ತೆಗೆಸಿ ವಾಟ್ಸಾಪಿಗೆ ಬಿಟ್ಟ. ಕೆಳಗೆ, “ಇದೂ ಒಂದು ಚಳೀನಾ ಮಗಾ?” ರಜೆಗೆ ಊರಿಗೆ ಹೊರಡುವವರೆಗಿನ ಚಳಿಯನ್ನೆಲ್ಲ ಈ ವೀರ ಓವನ್ನಿಗೆ ಬೆನ್ನು ಕೊಟ್ಟು, ಹೀಟರ್ ಹಾಕಿದ ಕೋಣೆಯಲ್ಲಿ ರಜಾಯಿ ಹೊದ್ದು ಕಳೆದ.

ತಾಯಿ ಅಂಜನಮ್ಮ ಆ ಫೋಟೊವನ್ನು ಬೀದಿಗೆಲ್ಲ ತೋರಿಸಿದ್ದರು. ಹೆಣ್ಣಿನ ಕಡೆಯವರಿಗೂ ಕಳಿಸಿದ್ದರು. ಸಂಕ್ರಾಂತಿ ಕಳೆದ ಭಾನುವಾರ ಜಾಲಹಳ್ಳಿಯ ಬೈರಣ್ಣನವರ ಮಗಳು ಸುಮಾಳನ್ನು ನೋಡಲು ಹೋಗುವುದೆಂದು ಗೊತ್ತಾಗಿತ್ತು. ಅವಳ ಫೋಟೊ ಬಂದ ದಿನ ನಂದಕುಮಾರ ಅದನ್ನೇ ನೋಡುತ್ತ ಎರಡು ಟ್ರೇ ಬ್ರೆಡ್ಡು ಸೀಯಿಸಿದ್ದ. ಮದುವೆಯಾದರೆ ಇವಳನ್ನೇ ಎಂದು ತೀರ್ಮಾನಿಸಿಯೇ ವಿಮಾನ ಹತ್ತಿದ್ದ.

ಭಾನುವಾರ ಬೆಳಗ್ಗೆ ದಟ್ಟ ಮಂಜು. ನಂದಕುಮಾರ ಟವೆಲ್ ಸುತ್ತಿಕೊಂಡು ನಡುಗುತ್ತ ಕೇಳಿದ, “ಅಮ್ಮಾ, ಬಿಸಿನೀರು?”

“ಸೋಲಾರಲ್ಲಿರೋದು ನಂಗೇ ಸಾಲಲ್ಲ. ಐಸಲ್ಲಿ ನಿಂತೋನಿಗೆ ಬಿಸಿನೀರ್ ಯಾಕೋ?”

ಪಕ್ಕದ ಮನೆಯ ಮುನಿಕೃಷ್ಣಮ್ಮನಿಗೆ ಅಷ್ಟು ಕೇಳಿದ್ದೇ ಸಾಕಾಯಿತು. “ನಂದಣ್ಣ, ಹೊರಗಡೆ ತೊಟ್ಟಿ ಹತ್ರಾನೇ ಸ್ನಾನ ಮಾಡಪ್ಪ. ನಮ್ಮನೆಯವ್ರು ಸ್ವಲ್ಪ ನೋಡ್ಲಿ. ಮೂರು ದಿನದಿಂದ ನೀರೇ ಮುಟ್ಟಿಲ್ಲ ಮಹಾರಾಯ್ರು!” ಎಂದು ಗಂಡನನ್ನು ಎಳೆದುಕೊಂಡು ಬಂದರು. ಮಂಕಿ ಕ್ಯಾಪಿನೊಳಗಿಂದ ಚಿಕ್ಕಮಾರಯ್ಯನವರ ಎರಡು ಕಣ್ಣು ಕರುಣೆಯಿಂದ ನೋಡಿದವು. ನಂದಕುಮಾರ ಮೊದಲ ಚೆಂಬು ಸುರಿದುಕೊಂಡಾಗ ಹೊರಟ ಕೂಗನ್ನು ಮುನಿಕೃಷ್ಣಮ್ಮ ದೇವರ ನಾಮಸ್ಮರಣೆಯೆಂದೇ ತಿಳಿದರು.

ಹೊರಡುವಾಗ ಕೆನಡಾದ ದಪ್ಪ ಜಾಕೆಟ್ ಕಾಣಲಿಲ್ಲ. “ಬೇರೆ ಕೆಲಸಕ್ಕೆ ಎತ್ತಿಟ್ಟಿದೀನಿ ಬಾ,” ಎಂದ ಅಂಜನಮ್ಮ ಉಬ್ಬಿದ ಚೀಲವೊಂದನ್ನು ತಬ್ಬಿಕೊಂಡು ಬೈಕಿನ ಹಿಂದೆ ಕೂತರು. ತೆಳು ಶರ್ಟಿನಲ್ಲಿ ಜಾಲಹಳ್ಳಿ ಮುಟ್ಟುವಷ್ಟರಲ್ಲಿ ನಂದಕುಮಾರನಿಗೆ ತನ್ನ ಕಿವಿಗಳು ಜೊತೆಗಿವೆಯೋ ಇಲ್ಲವೋ ಎಂಬ ಅನುಮಾನ ಬಂದಿತ್ತು.

ಬೈರಣ್ಣನವರ ಮನೆಯ ಮೊಸಾಯಿಕ್ ನೆಲ ಕಾಲಿಗೆ ಕಚ್ಚುತ್ತಿತ್ತು. ಮನೆಮಂದಿಯೆಲ್ಲ ಸ್ವೆಟರಿನಲ್ಲಿದ್ದರು.

“ಫ್ಯಾನ್ ಆಕ್ರಮ್ಮಾ, ಅಳಿಯಂದ್ರಿಗೆ ಸೆಕೆ ಆಗ್ತದೆ,” ಎಂದರು ಬೈರಣ್ಣ. ಎಲ್ಲರಿಗೂ ಹೊಗೆಯಾಡುವ ಕಾಫಿ ಬಂತು. ನಂದಕುಮಾರನಿಗೆ ಬಂದದ್ದು ಐಸ್‌ಕ್ರೀಮು. ಅವನು ಕಾಫಿ ಲೋಟಗಳನ್ನೇ ನೋಡುತ್ತ ನುಂಗಿದ. ಬಟ್ಟಲು ಖಾಲಿಯಾದದ್ದೇ, “ಸಂಕೋಚ ಬ್ಯಾಡಿ, ಇನ್ನೊಂದು ತಿನ್ನಿ,” ಎಂದು ತುಂಬಿದರು. ಮಾವನಾಗುವವರ ಮಾತು, ಮೀರುವುದು ಹೇಗೆ?

ಸುಮಾ ಬಂದಳು. ಸೀರೆಯ ಮೇಲೆ ಸ್ವೆಟರು, ಕಾಲಿಗೆ ಸಾಕ್ಸು. ಫೋಟೊಗಿಂತ ಚೆನ್ನಾಗಿದ್ದಳು. ಇಬ್ಬರೂ ಮಾತಾಡಿಕೊಳ್ಳಲಿ ಎಂದು ಬೈರಣ್ಣನವರು ಟೆರೇಸಿಗೆ ಕಳಿಸಿದರು, “ಅಲ್ಲಿ ಗಾಳಿ ಚೆನ್ನಾಗದೆ!”

“ನೀವು ಜನವರೀಲೂ ಫ್ಯಾನ್ ಹಾಕ್ಕೊಂಡ್ ಮಲಗ್ತೀರಂತೆ?” ಸುಮಾ ಕೇಳಿದಳು.

ಮೆಚ್ಚಿಕೊಂಡೇ ಕೇಳುತ್ತಿದ್ದಾಳೆಂದು ನಂದಕುಮಾರ ಉಬ್ಬಿಹೋದ. “ಫ್ಯಾನ್ ಏನ್ರೀ, ಕಿಟಕೀನೂ ತೆಗೆದಿಟ್ಟಿರ್ತೀನಿ!”

ಅವಳ ಮುಖ ಬಾಡಿತು. “ನಂಗೆ ಏಪ್ರಿಲ್‌ನಲ್ಲೂ ಸಾಕ್ಸ್ ಬೇಕು ಕಣ್ರೀ. ಅಲ್ಲಿ ಮನೆಯೊಳಗೆ ಬೆಚ್ಚಗಿರುತ್ತೆ, ಹೊರಗೆ ಹೋಗ್ದಿದ್ರಾಯ್ತು ಅಂದ್ಕೊಂಡಿದ್ದೆ. ನೀವ್ ನೋಡಿದ್ರೆ ಹಿಮಾನ ಮನೆಯೊಳಗೇ ಕರ್ಕೊಳ್ಳೋರು. ನಂಗಾಗಲ್ಲ, ಬೇಜಾರ್ ಮಾಡ್ಕೋಬೇಡಿ.”

ನಂದಕುಮಾರ ಕೈ ಮುಗಿದೇಬಿಟ್ಟ. “ಅಯ್ಯೋ, ಇಲ್ಲಾರೀ! ಎಲ್ಲಾ ಸುಳ್ಳು! ನಾನು ಹೀಟರ್ ಬಿಟ್ಟು ಕದಲಲ್ಲ. ಹೊರಗೆ ಹೋಗೋದು ಬಸ್ಸಿಗೆ ಮಾತ್ರ. ನಂಗೆ ಈಗ್ಲೂ ಚಳಿ, ಪ್ರಾಣ ಹೋಗ್ತಿದೆ!” ಎಂದು ಹಲ್ಲು ಕಟಕಟಿಸುತ್ತ ಸೀನಿದ.

ಸುಮಾ ಮೊಬೈಲಿನಲ್ಲಿ ಬನಿಯನ್ನಿನ ಫೋಟೊ ತೆಗೆದು ಹಿಡಿದಳು. “ಮತ್ತೆ ಇದು?”

“ಒಂದೇ ನಿಮಿಷ ರೀ! ಆಮೇಲೆ ಮೂರು ದಿನ ಜ್ವರ!”

“ಎರಡು ಬಟ್ಲು ಐಸ್‌ಕ್ರೀಮ್ ತಿಂದಿದ್ದು ಬಾಗಿಲ ಸಂದೀಲಿ ನಾನೇ ನೋಡ್ದೆ. ನಂಗೋಸ್ಕರ ನಡುಗೋ ನಾಟಕ ಎಲ್ಲಾ ಆಡ್ಬೇಡಿ ಪ್ಲೀಸ್,” ಎಂದು ಅವಳು ಕೆಳಗಿಳಿದೇ ಹೋದಳು.

ಕೆಳಗೆ ಬಂದರೆ ಅಂಜನಮ್ಮನ ಚೀಲ ಖಾಲಿಯಾಗಿತ್ತು. ಬೀಗರಾಗುವವರಿಗೆ ಫಾರಿನ್ನಿನದೊಂದು ಕೊಡದಿದ್ದರೆ ಹೇಗೆಂದು ಅವರು ಉಡುಗೊರೆ ಕೊಟ್ಟೂ ಆಗಿತ್ತು. ಬೈರಣ್ಣನವರು ಕೆನಡಾದ ಜಾಕೆಟ್ ತೊಟ್ಟು, ಗದ್ದದವರೆಗೂ ಜಿಪ್ ಎಳೆದು ನಿಂತಿದ್ದರು. ಮಗಳ ತೀರ್ಮಾನ ಕೇಳಿ ಅವರೂ ಮುಖ ಸಪ್ಪೆ ಮಾಡಿಕೊಂಡರು. ಜಿಪ್ಪನ್ನು ಮಾತ್ರ ಇಳಿಸಲಿಲ್ಲ. ಕೊಟ್ಟದ್ದನ್ನು ವಾಪಸು ಕೇಳಲು ಅಂಜನಮ್ಮನ ಮರ್ಯಾದೆ ಒಪ್ಪಲಿಲ್ಲ.

ಸುಮಾಳ ಜೊತೆ ಗೇಟಿನವರೆಗೆ ಕಳಿಸಲು ಬಂದ ಬೈರಣ್ಣನವರು ಒಳಜೇಬಿಗೆ ಕೈ ಹಾಕಿ ಎಳೆದರೆ ಉಣ್ಣೆಯ ಮಂಕಿ ಕ್ಯಾಪು ಬಂತು.

“ನೋಡ್ರೀ, ಅದು ನಂದೇ! ಸುಮಾ ಅವ್ರೇ, ನೋಡಿ!” ನಂದಕುಮಾರ ಕುಣಿದಾಡಿದ.

“ತಮಾಷೆ ಸಾಕು ಬಿಡಿ, ಯಾರೋ ವಯಸ್ಸಾದೋರ್ದು ಇರ್ಬೇಕು,” ಎಂದ ಸುಮಾ ಅದನ್ನು ಅಪ್ಪನ ತಲೆಗೇ ಹಾಕಿ, ಕಿವಿ ಮುಚ್ಚುವಂತೆ ಎಳೆದಳು.

ನಂದಕುಮಾರ ಬೈಕ್ ಹತ್ತಿದ. ಮಂಜು ಇನ್ನೂ ಕರಗಿರಲಿಲ್ಲ. ಬೆಚ್ಚಗೆ ಸೆರಗು ಹೊದ್ದು, ಅವನ ಬೆನ್ನಿನ ಮರೆಯಲ್ಲಿ ಕೂತ ಅಂಜನಮ್ಮ ಸಿಡುಕಿದರು:

“ಜೋರಾಗ್ ಓಡ್ಸೋ. ನಿಂಗೇನು ಚಳೀನಾ?”