ವೃದ್ಧಾಶ್ರಮದ ತಪಾಸಣೆಯೂ ನನ್ನ ಪುಕ್ಕಲು ಎದೆಯೂ

ವೃದ್ಧಾಶ್ರಮಗಳಲ್ಲಿ ಮುದುಕರು ಸುರಕ್ಷಿತವಾಗಿ ಇದ್ದಾರೋ ಇಲ್ಲವೋ ಎಂದು ನೋಡಿ ಬರುವುದು ನನ್ನ ನೌಕರಿ. ಗ್ಯಾಸಿನ ಪೈಪು ಸರಿಯಿದೆಯೇ, ಬಚ್ಚಲು ಜಾರುತ್ತದೆಯೇ, ನೀರಿನ ಟಾಕಿ ತೊಳೆದಿದ್ದಾರೆಯೇ ಅಂತೆಲ್ಲ ನೋಡಬೇಕು. ನಾನು ಬರುತ್ತೇನೆಂದರೆ ಆಶ್ರಮದವರಿಗೆ ಭಯ. ಅಲ್ಲಿ ಏನು ಕಣ್ಣಿಗೆ ಬೀಳುತ್ತದೋ ಎಂದು ನನಗೆ ಭಯ. ಹೀಗೆ ಎರಡೂ ಕಡೆಯವರು ಅಂಜಿಕೊಂಡೇ ಎದುರಾದರೆ ಏನಾದರೊಂದು ಆಗದೆ ಇರುವುದಿಲ್ಲ. ಈಗೀಗ ನಾನು ಬಾಗಿಲಲ್ಲಿ ಚಪ್ಪಲಿ ಬಿಡುವಾಗಲೇ ನಮ್ಮ ಮನೆಯವರು ಕೇಳುತ್ತಾರೆ: "ಇವತ್ತೇನಾತು?"

ಗಂಟೆ

ಬೀದರಿನ ಹಳೇ ಊರಿನಲ್ಲಿ ಒಂದು ಆಶ್ರಮ. ಅಡುಗೆಮನೆ ಹಿಂದುಗಡೆ, ಹೊರಗೆ ಹೋಗುವ ದಾರಿ ಮುಂದುಗಡೆ. "ಅಡಗಿಮನ್ಯಾಗ ಬೆಂಕಿ ಹತ್ತೇದ ಅಂತ ತಿಳ್ಕೊರಿ. ಎಲ್ಲಾರಿಗೂ ಅಂಗಳಕ್ಕ ಹ್ಯಾಂಗ ತರ್ತೀರಿ, ಒಮ್ಮಿ ತೋರಸ್ರಿ" ಎಂದು ಮ್ಯಾನೇಜರಿಗೆ ಹೇಳಿದೆ.

"ಅದಕ್ಕೇನ್ರಿ ಮೇಡಂ, ಗಂಟಿ ಬಾರಿಸಿದ್ರ ಮುಗೀತು. ಮಲ್ಕೊಂಡವ್ರೂ ಎದ್ದು ಬರ್ತಾರ" ಎಂದು ಅವರು ಎದೆ ಉಬ್ಬಿಸಿ ಗಂಟೆ ಬಾರಿಸಿದರು.

ಬಂದರು, ಸುಳ್ಳಲ್ಲ. ಕೋಲು ಊರುತ್ತ, ಗೋಡೆ ಹಿಡಿಯುತ್ತ, ಒಬ್ಬರನ್ನೊಬ್ಬರು ಹಿಂದೆ ಹಾಕುತ್ತ ಎಲ್ಲರೂ ಬಂದರು. ಆದರೆ ಅಂಗಳದ ಕಡೆಗಲ್ಲ, ನೇರ ಅಡುಗೆಮನೆಯ ಕಡೆಗೆ, ಕೈಯಲ್ಲಿ ತಾಟು ಹಿಡಿದುಕೊಂಡು! ಅದೇ ಅವರ ಊಟದ ಗಂಟೆ. ನಿಜವಾಗಿ ಬೆಂಕಿ ಬಿದ್ದಿದ್ದರೆ ಇಷ್ಟೂ ಜೀವಗಳು ಸಾಲು ಹಚ್ಚಿ ಅದರೊಳಗೇ ಹೋಗುತ್ತಿದ್ದವು. ಓಡಿ ಹೋಗಿ ಬಾಗಿಲಿಗೆ ಅಡ್ಡ ನಿಂತೆ. "ಆಯಿ, ಹೊರಗ ನಡೀರಿ! ಒಳಗ ಬೆಂಕಿ ಹತ್ತೇದ!"

ಮುಂದಿದ್ದ ಆಯಿ ತಾಟಿನಿಂದಲೇ ನನ್ನನ್ನು ಬದಿಗೆ ಸರಿಸಿದರು. "ಹತ್ಲೇಬೇಕಲ್ಲವ್ವಾ! ಬೆಂಕಿ ಹತ್ತಲಾರದ ಅನ್ನ ಹ್ಯಾಂಗ ಆಗ್ತದ?"

ಅಂಜಿಸುವವರು

ಆಶ್ರಮದಲ್ಲಿ ಇರುವವರನ್ನು ಒಬ್ಬೊಬ್ಬರನ್ನಾಗಿ, ಮ್ಯಾನೇಜರ್ ಎದುರಿಗಿಲ್ಲದಾಗ, ಮಾತನಾಡಿಸಬೇಕೆಂಬ ನಿಯಮವಿದೆ. ಹೊಡೆತ, ಬೈಗುಳ ಇದ್ದರೆ ಆಗಲೇ ಬಾಯಿಗೆ ಬರುವುದು. ಅದೇ ಬೀದರಿನ ಇನ್ನೊಂದು ಆಶ್ರಮದಲ್ಲಿ ಎಲ್ಲರೂ ಖಾಲಾ, ಅಂದರೆ ಚಿಕ್ಕಮ್ಮ, ಎಂದು ಕರೆಯುವ ಒಬ್ಬ ಮುದುಕಿ ಇದ್ದರು. ಹಿಡಿಯಷ್ಟು ಮೈ, ನಡುಗುವ ಕೈ. ಮಂಚದ ಬದಿಗೆ ನಿಂತಿದ್ದರು. ನಾನು ಪಕ್ಕಕ್ಕೆ ಹೋಗಿ ಮೆಲ್ಲಗೆ ಕೇಳಿದೆ: "ಖಾಲಾ, ಇಲ್ಲಿ ನಿಮಗ ಯಾರರ ಅಂಜಿಸ್ತಾರೇನ್ರಿ?"

ಖಾಲಾ ಅತ್ತಿತ್ತ ನೋಡಿದರು. ಹೋಗಿ ಬಾಗಿಲು ಮುಂದೆ ಮಾಡಿ ಬಂದರು. ಇಷ್ಟು ದಿನ ಯಾವ ಮಾತಿಗೆ ಹೆದರುತ್ತಿದ್ದೆನೋ ಅದು ಇವತ್ತು ಬಂತು ಅಂದುಕೊಂಡೆ. ಅವರು ಕಿವಿಯ ಹತ್ತಿರ ಬಾಯಿ ತಂದು "ಹೌದು ಬೇಟಾ, ಭಾಳ ಅಂಜಿಸ್ತಾರ" ಅಂದರು.

"ಯಾರು? ಹೆಸರು ಹೇಳ್ರಿ, ನಾ ಬಿಡಂಗಿಲ್ಲ."

"ನೀನೇ ಅಲಾ! ನೀ ಬರ್ತಿ ಅಂದ್ರ ಸಾಕು, ಮುಂಜಾನಿ ಎಬ್ಬಿಸಿ ತಲಿಗಿ ನೀರು ಹಾಕ್ತಾರ, ಹೊಸ ಚಾದರ ಹಾಸ್ತಾರ, ಅದರ ಮ್ಯಾಲ ಕೂಡಬ್ಯಾಡ ಅಂತಾರ. ಮುಂಜಾನಿಂದ ನಿಂತೇ ಇದ್ದೀನಿ. ಲಗೂನ ಹೋಗವ್ವಾ, ಸ್ವಲ್ಪ ಅಡ್ಡಾಗ್ತೀನಿ."

ಹಿಡಿಕೆ

ಮುದುಕರಿಗೆ ಬಚ್ಚಲಿನಷ್ಟು ಅಪಾಯದ ಜಾಗ ಇನ್ನೊಂದಿಲ್ಲ. ಒಮ್ಮೆ ಜಾರಿ ಬಿದ್ದು ಸೊಂಟದ ಎಲುಬು ಮುರಿದರೆ ಎಷ್ಟೋ ಮಂದಿ ಮತ್ತೆ ಏಳುವುದೇ ಇಲ್ಲ. ಹಾಗಾಗಿ ಗೋಡೆಗೆ ಗಟ್ಟಿ ಹಿಡಿಕೆ ಇರಲೇಬೇಕು ಅಂತ ಭಾಲ್ಕಿಯ ಒಂದು ಆಶ್ರಮಕ್ಕೆ ಹೇಳಿ ಬಂದಿದ್ದೆ. ಮತ್ತೆ ಹೋದಾಗ ಸ್ಟೀಲಿನ ಹಿಡಿಕೆಗಳು ಫಳಫಳ ಹೊಳೆಯುತ್ತಿದ್ದವು. ನನಗೆ ಖುಷಿಯೋ ಖುಷಿ. ನೋಡೋಣವೆಂದು ಒಳಗೆ ಕಾಲಿಟ್ಟೆ. ನಾನು ಬರುವೆನೆಂದು ಆಗತಾನೆ ಸೋಪು ಹಾಕಿ ತಿಕ್ಕಿದ್ದರು.

ಜಾರಿದೆ. ಕಣ್ಣೆದುರು ನಲ್ಲಿಯ ಮೂಗು, ಕಲ್ಲಿನ ಅಂಚು, ನನ್ನ ಇಬ್ಬರು ಮಕ್ಕಳು ಎಲ್ಲ ಒಟ್ಟಿಗೇ ಬಂದವು. ಹಿಡಿಕೆ ಹಿಡಿದೆ. ಅದೂ ನನ್ನ ಜೊತೆಗೇ ಬಂತು! ಪುಣ್ಯಕ್ಕೆ ತುಂಬಿದ ಬಕೆಟ್ಟಿನ ಮೇಲೆ ಬಿದ್ದೆ. ತಲೆ ಉಳಿಯಿತು, ಸೀರೆ ಉಳಿಯಲಿಲ್ಲ. ನೋಡಿದರೆ ಹಿಡಿಕೆಗೆ ಮೊಳೆಯೂ ಇಲ್ಲ, ಸ್ಕ್ರೂ ಕೂಡ ಇಲ್ಲ, ಬರೀ ಗೋಂದು.

ಸಪ್ಪಳ ಕೇಳಿ ಒಬ್ಬ ಮುತ್ಯಾ, ಎಂದರೆ ಅಜ್ಜ, ಬಾಗಿಲಲ್ಲಿ ಇಣುಕಿದರು. ನೀರಿಳಿಯುವ ನನ್ನನ್ನೂ ಕೈಯಲ್ಲಿದ್ದ ಹಿಡಿಕೆಯನ್ನೂ ನೋಡಿ ಮರುಗಿದರು. "ಯಾಕ ಹಿಡಿದ್ರಿ ಮೇಡಂ? ಅದು ನೀವು ನೋಡ್ಲಕ ಹಚ್ಚಿದ್ದು, ಹಿಡೀಲಕ ಅಲ್ರಿ!"

ಡ್ರಿಲ್ಲಿಂಗ್ ಮಶೀನು ತಂದು ಗೋಡೆ ಕೊರೆದು ಎಲ್ಲ ಹಿಡಿಕೆಗಳನ್ನೂ ಸ್ಕ್ರೂ ಹಾಕಿ ಕೂರಿಸುವವರೆಗೆ ನಾನು ಅದೇ ಒದ್ದೆ ಸೀರೆಯಲ್ಲಿ ಅಲ್ಲೇ ಕೂತಿದ್ದೆ. ಎದ್ದು ಹೊರಟಾಗ ಮ್ಯಾನೇಜರ್ ಎರಡೂ ಕೈ ಮುಗಿದು ಕೇಳಿದರು: "ಹೋಗೂ ಮುಂದ ಒಮ್ಮಿ ಜಾರಿ ನೋಡ್ತೀರೇನ್ರಿ?"

ಬಾವಿ

ಇದು ಔರಾದಿನಿಂದ ಡಾಬಕಾದ ಕಡೆಗೆ ಹೋಗುವ ದಾರಿಯ ಒಂದು ಆಶ್ರಮದಲ್ಲಿ ಆದದ್ದು. ಆಶ್ರಮದ ಹಿಂದೆ ತೊಗರಿ ಹೊಲ, ಹೊಲದ ಅಂಚಿಗೆ ಹಳೇ ಬಾವಿ. ಒಂದು ಬದಿಯ ಕಟ್ಟೆ ಕುಸಿದಿತ್ತು. "ಇದನ್ನ ಹಿಂಗೇ ಬಿಟ್ಟೀರಿ?" ಎಂದು ಕೇಳಿದೆ.

"ಈ ಕಡಿ ಯಾರೂ ಬರಂಗಿಲ್ರಿ" ಎಂದು ಮ್ಯಾನೇಜರ್ ಹೇಳುತ್ತಿದ್ದಂತೆ ಅಡುಗೆಯಾಕೆ ಓಡಿ ಬಂದಳು. "ಅಣ್ಣಾ, ಗಡ್ಡದ ಮುತ್ಯಾ ಎಲ್ಲೂ ಕಾಣವಲ್ಲರು!"

ಗಡ್ಡದ ಮುತ್ಯಾ ಎಂದರೆ ಮೊದಲು ಕುರಿ ಕಾಯುತ್ತಿದ್ದವರು. ಎದೆತನಕ ಬಿಳಿ ಗಡ್ಡ, ಕಿವಿ ಕೇಳಿಸುವುದು ಅಷ್ಟಕ್ಕಷ್ಟೇ. ಮ್ಯಾನೇಜರ್ ಬಾವಿಗೆ ಬಗ್ಗಿ ನೋಡಿದರು. ನೀರಿನ ಮೇಲೆ ಒಂದು ಚಪ್ಪಲಿ ತೇಲುತ್ತಿತ್ತು. ಅವರು ನಿಂತಲ್ಲೇ ಕುಸಿದು ಕೂತರು. ಎಡಕ್ಕೂ ಬಲಕ್ಕೂ ಜನ ಸೇರಿದರು. ಯಾರೋ ಹಗ್ಗ ಎಂದರು, ಯಾರೋ ಪೊಲೀಸರು ಎಂದರು. ಆಯಿಗಳು ಅಳತೊಡಗಿದರು.

ಆ ಗದ್ದಲದಲ್ಲಿ ನುಣ್ಣಗೆ ಗಲ್ಲ ಬೋಳಿಸಿಕೊಂಡ, ಬಿಳಿ ಟೋಪಿಯ ಒಬ್ಬ ಮುದುಕರು ಎಲ್ಲರಿಗಿಂತ ಮುಂದಿದ್ದರು. ಹಗ್ಗ ತಂದವರು ಅವರೇ. ಕುಸಿದ ಕಟ್ಟೆಯ ಮೇಲೆ ಬೋರಲು ಮಲಗಿ "ಅಂಜಬ್ಯಾಡಪ್ಪಾ, ಹಗ್ಗ ಹಿಡ್ಕೋ!" ಎಂದು ಬಾವಿಯೊಳಗೆ ಕೂಗುತ್ತಿದ್ದರು. ಒಬ್ಬರು ಹೋದದ್ದು ಸಾಲದೆಂದು ಇನ್ನೊಬ್ಬರು ಬೀಳುತ್ತಾರಲ್ಲ ಎಂದು ನಾನು ಅವರ ಅಂಗಿ ಹಿಡಿದು ಹಿಂದಕ್ಕೆ ಎಳೆದೆ. ಮತ್ತೆ ಮುಂದೆ ಹೋದರು. ಮತ್ತೆ ಎಳೆದೆ.

ಅಷ್ಟರಲ್ಲಿ ಪಡಸಾಲೆಯಲ್ಲಿ ಕತ್ತರಿ ಕಟ್ಟಿಡುತ್ತಿದ್ದ ಕ್ಷೌರಿಕ ಬಂದ. ನಾನು ಬರುವೆನೆಂದು ಮ್ಯಾನೇಜರ್ ಕರೆಸಿದ್ದ ಕ್ಷೌರಿಕ. "ಯಾರಿಗಿ ಹುಡುಕ್ಲತ್ತೀರಿ?"

"ಗಡ್ಡದ ಮುತ್ಯಾಗ!"

"ಗಡ್ಡಾ ಈಗೇ ತೆಗೆದೀನಲ್ರಿ. ಮೇಡಂ ಯಾರ ಅಂಗಿ ಹಿಡ್ಕೊಂಡಾರ ನೋಡ್ರಿ, ಅವರೇ."

ನನ್ನ ಕೈ ಅಂಗಿಯ ಮೇಲೇ ಉಳಿಯಿತು. ಮ್ಯಾನೇಜರ್ ಎದ್ದು ಬಂದು ಮುತ್ಯಾನನ್ನು ತಬ್ಬಿಕೊಂಡು ಗೊಳೋ ಎಂದು ಅತ್ತರು. ಮುತ್ಯಾ ಅವರ ಬೆನ್ನು ಸವರಿ, "ಅಳಬ್ಯಾಡ್ರಿ ಅಣ್ಣಾರೆ, ಸಿಗ್ತಾನ" ಎಂದು ಸಮಾಧಾನ ಮಾಡಿದರು. ಚಪ್ಪಲಿ ಯಾವ ಕಾಲದ್ದೋ ಯಾರಿಗೂ ಗೊತ್ತಾಗಲಿಲ್ಲ.

ಸಂಜೆಯೊಳಗೆ ಬಾವಿಗೆ ಕಬ್ಬಿಣದ ಜಾಳಿಗೆ ಬಿತ್ತು. ಅದರ ಮೇಲೆ ಕಲ್ಲು ಹೇರಿಸಿ, ಅಲ್ಲಾಡಿಸಿ ನೋಡಿ, ಆಮೇಲೆ ಜೀಪು ಹತ್ತಿದೆ. ಮುತ್ಯಾ ಕಿಟಕಿಯ ಹತ್ತಿರ ಬಂದರು. ಮುಖ ಇನ್ನೂ ಸಣ್ಣಗಿತ್ತು.

"ಮೇಡಂ, ಆ ಗಡ್ಡದ ಮುದುಕಾ ಸಿಕ್ಕನೇನ್ರಿ?"

ನಾನು ಕಿವಿಗೆ ಬಾಯಿಟ್ಟು ಕೂಗಿದೆ: "ಸಿಕ್ಕಾರ್ರಿ ಮುತ್ಯಾ! ಅವರು ನೀವೇ!"

ಕೇಳಿಸಿದ್ದು ಮೊದಲರ್ಧ ಮಾತ್ರ. ಮುತ್ಯಾ ಉಸಿರು ಬಿಟ್ಟರು. ಆಮೇಲೆ ಸಿಟ್ಟು ಬಂತು.

"ಸಿಕ್ಕನಾ? ಹಂಗಾದ್ರ ಅವಗ ಚಂದಂಗ ಬೈರಿ ಮೇಡಂ. ಮುದುಕ ಆದ ಮ್ಯಾಲ ಕುಂತಲ್ಲಿ ಕೂಡ್ಲಕ ಏನಾಗ್ಯಾದ ಅವಗ!"