ಮೀಸೆ ಜಾರಿದ ದೊರೆ

"ನಾಲ್ಕು ದಿನ ಇದ್ದು ಹೋಗ್ತೀನಿ" ಅಂತ ಬಂದ ಮಾವ ನಾಲ್ಕು ತಿಂಗಳಿಂದ ಇದ್ದರು. ಅಂತೂ ಇವತ್ತು ಸಂಜೆ ಐದರ ಬಸ್ಸಿಗೆ ಹೊರಡುವುದು ಗಟ್ಟಿಯಾಗಿ, ಅಳಿಯ ಬೆಳಗ್ಗೆ ಬಚ್ಚಲಲ್ಲಿ ಸಿಳ್ಳೆ ಹಾಕಿದ್ದ.

ಆಫೀಸಿಗೆ ಹೊರಟಾಗ ಮಾವ ಒಂದು ಹಳೇ ಫೋಟೋ ಕೈಗಿಟ್ಟರು. ಅವರದೇ ಕಾಲೇಜು ನಾಟಕದ ದೊರೆ ವೇಷ. ತಲೆಗೆ ಕಿರೀಟ, ಹಿಂದಿನ ಪರದೆಯಲ್ಲಿ ಅರಮನೆ. ಅಂಟಿಸಿದ ಮೀಸೆಯ ಒಂದು ತುದಿ ಗಲ್ಲಕ್ಕೆ ಜಾರಿತ್ತು.

"ನಿಮ್ಮ ಆಫೀಸ್ ಮಿಷನ್ನಲ್ಲಿ ಒಂದು ಕಾಪಿ ತೆಗೀರಿ ಅಳಿಯಂದ್ರೇ, ಊರಿಗೆ ಒಯ್ತೀನಿ."

"ಧಾರಾಳವಾಗಿ ಮಾವ!" ಹೊರಡುವವರು ಏನು ಕೇಳಿದರೂ ಕೊಡಬಹುದು.

ಅಳಿಯನ ಕೆಲಸ ಹಳೆಯ ನಕ್ಷೆ, ಫೋಟೋಗಳನ್ನು ಸ್ಕ್ಯಾನ್ ಮಾಡಿ ದಾಖಲೆ ಕಚೇರಿಯ ಜಾಲತಾಣಕ್ಕೆ ಏರಿಸುವುದು. ಮಾವನನ್ನು ಗುರುತು ಸಿಗದ ಫೋಟೋಗಳ ಕಟ್ಟಿನ ಮೇಲಿಟ್ಟು ಟೀ ಕುಡಿಯಲು ಹೋದ. ಬಂದವನೇ ಮರೆತು, ಮಾವನ ಸಮೇತ ಇಡೀ ಕಟ್ಟನ್ನು ಏರಿಸಿಬಿಟ್ಟ. ಏರಿದ್ದನ್ನು ಇಳಿಸಲು ಡೈರೆಕ್ಟರ ಸಹಿ ಬೇಕು, ಸಹಿಗೆ ಕಾರಣ ಬೇಕು. ಮಗನ ಅಂಕಪಟ್ಟಿಯನ್ನು ಅದೇ ಮಿಷನ್ನಿಗಿಟ್ಟ ಟೈಪಿಸ್ಟಮ್ಮನನ್ನು ಹೋದ ವಾರವಷ್ಟೇ ಕೆಲಸದಿಂದ ತೆಗೆದಿದ್ದರು.

ಹನ್ನೊಂದಕ್ಕೆಲ್ಲ ನಿವೃತ್ತ ಚರಿತ್ರೆ ಮೇಷ್ಟ್ರು ಭೂತಗನ್ನಡಿ ಹಿಡಿದು ಓಡಿಬಂದರು. ಆ ಜಾಲತಾಣವನ್ನು ದಿನಾ ನೋಡುತ್ತಿದ್ದವರು ಅವರೊಬ್ಬರೇ.

"ಡೈರೆಕ್ಟರೇ, ಸಿಕ್ಕಿಬಿಟ್ಟ! ನಮ್ಮೂರ ಕೊನೇ ದೊರೆ! ಆ ಮೀಸೆ ಓರೆ ನೋಡಿ, ಯುದ್ಧದ ಗಾಯ!"

"ಗಾಯ ಅಲ್ಲ, ಅಂಟು ಬಿಟ್ಟಿರೋದು..." ಎಂದ ಅಳಿಯ ನಾಲಿಗೆ ಕಚ್ಚಿಕೊಂಡ.

"ನಿಮಗೆ ಹೇಗ್ರೀ ಗೊತ್ತು?" ಡೈರೆಕ್ಟರು ಹುಬ್ಬೇರಿಸಿದರು.

"ಅಂದಾಜು ಸಾರ್."

ಮೇಷ್ಟ್ರು ನೂರು ವರ್ಷದ ನಕ್ಷೆಯೊಂದನ್ನು ಹರಡಿ, ಒಂದು ಚೌಕದ ಮೇಲೆ ಬೆರಳೂರಿದರು. "ಫೋಟೋದಲ್ಲಿರೋ ಅರಮನೆ ಇದೇ. ಅಂಚೆಕಚೇರಿ ಹಿಂದೆ, ಈಗ ಹಳದಿ ಮನೆ ಇರೋ ಜಾಗ."

ಹಳದಿ ಮನೆಯಲ್ಲಿ ಬಾಡಿಗೆಗಿದ್ದವನು ಅಳಿಯನೇ.

ನಾಲ್ಕಕ್ಕೆ ಚೀಲ ಹೆಗಲಿಗೇರಿಸಿ ಮಾವ ಬಂದರು. "ನನ್ನ ಫೋಟೋ ಎಲ್ರೀ?" ಅಳಿಯ ಅವರನ್ನು ಬಾಗಿಲಲ್ಲೇ ತಡೆದು, ಪಕ್ಕಕ್ಕೆ ಎಳೆದು, ಎಲ್ಲ ಒಪ್ಪಿಸಿದ. "ಅದು ನೀವೇ ಅಂತ ಗೊತ್ತಾದ್ರೆ ನನ್ನ ಕೆಲಸ ಹೋಗುತ್ತೆ ಮಾವ. ಬಾಯಿ ಬಿಡಬೇಡಿ, ದಮ್ಮಯ್ಯ."

"ನನಗೆ ಬಿಡಿ," ಎಂದು ಮಾವ ಗಂಭೀರವಾಗಿ ಒಳಗೆ ನಡೆದರು. ಕಂಪ್ಯೂಟರ್ ಪರದೆಯ ಮೇಲಿದ್ದ ತಮ್ಮನ್ನೇ ನೋಡಿ ಕಣ್ಣೊರೆಸಿಕೊಂಡರು. "ಇವರು ನಮ್ಮ ಅಳಿಯಂದ್ರು. ಅದು ನಮ್ಮ ಮುತ್ತಾತ!"

"ಅದೇ ಮೂಗು!" ಮೇಷ್ಟ್ರು ಕೂಗಿದರು. ಡೈರೆಕ್ಟರು ಅಳಿಯನ ಬೆನ್ನು ತಟ್ಟಿದರು. "ದೊರೆ ವಂಶದ ಅಳಿಯ ಅಂತ ಒಂದು ಮಾತು ಹೇಳೋದಲ್ವೇನ್ರೀ!"

ಬೀಸುವ ದೊಣ್ಣೆ ತಪ್ಪಿದರೆ ಸಾವಿರ ವರ್ಷ ಆಯಸ್ಸು. ಅಳಿಯ ಹಿಗ್ಗಿ ಗಡಿಯಾರ ನೋಡಿದ. "ಮಾವ, ನಾಲ್ಕೂವರೆ. ಬಸ್ಸು..."

ಮಾವ ಅಷ್ಟು ಹೊತ್ತಿಗೆ ನಕ್ಷೆಯ ಮೇಲೆ ಬಗ್ಗಿದ್ದರು. ನೆಟ್ಟಗಾಗಿ, ಚೀಲವನ್ನು ಅಳಿಯನ ಕೈಗೆ ಕೊಟ್ಟರು.

"ಎಂಥ ಬಸ್ಸು? ಮುತ್ತಾತನ ಅರಮನೆ ಬಿಟ್ಟು ಎಲ್ಲಿಗೆ ಹೋಗ್ಲಿ? ನಡೀರಿ ಮನೆಗೆ. ಆ ದೊಡ್ಡ ಕೋಣೆ ಇವತ್ತಿಂದ ನನಗಿರ್ಲಿ."