ದಾನ ಕೊಟ್ಟ ಕಾರು ದಿನಾ ಬರುತ್ತದೆ

ನಮ್ಮ ಮನೆಯಲ್ಲಿ ನಾನು ಯಾವ ಹೊತ್ತಿಗೆ ಸ್ನಾನ ಮಾಡಬೇಕು ಅನ್ನುವುದನ್ನು ಹದಿಮೂರು ವರ್ಷದಿಂದ ಒಂದು ಕಾರು ತೀರ್ಮಾನ ಮಾಡುತ್ತಿತ್ತು. ಕರೆಂಟಿನ ಕಾರು. ಪೆಟ್ರೋಲ್ ಕುಡಿಯುವುದಿಲ್ಲ, ಹೊಗೆ ಬಿಡುವುದಿಲ್ಲ, ಇಂಥ ಸಾತ್ವಿಕ ಪ್ರಾಣಿ ಇಡೀ ರಾಜೀವನಗರದಲ್ಲೇ ಇಲ್ಲ ಎಂದು ನಮ್ಮ ಯಜಮಾನರು ಹೊಗಳುತ್ತಿದ್ದರು. (ನಾನೂ ಹೊಗೆ ಬಿಡುವುದಿಲ್ಲ. ನನ್ನನ್ನು ಯಾರೂ ಹೊಗಳಿದ ನೆನಪಿಲ್ಲ.) ಅದರ ಚಾರ್ಜಿಂಗ್ ವೈರ್‌ಗೆ ಸರಿಹೋಗುವ ಪ್ಲಗ್ಗು ಮನೆಯಲ್ಲಿ ಒಂದೇ, ಅದು ಬಚ್ಚಲುಮನೆಯ ಗೀಸರಿನದು. ಹೀಗಾಗಿ ಕಾರಿನ ಊಟ ಮುಗಿಯುವ ತನಕ ನನಗೆ ಬಿಸಿನೀರಿಲ್ಲ. ಮೊದಮೊದಲು ಒಂದೂಟಕ್ಕೆ ಎಂಬತ್ತು ಕಿಲೋಮೀಟರ್ ಓಡುತ್ತಿತ್ತು. ವಯಸ್ಸಾದ ಹಾಗೆ ನಲವತ್ತಾಯಿತು, ಇಪ್ಪತ್ತಾಯಿತು. ಊಟದ ಹೊತ್ತು ಮಾತ್ರ ಬೆಳೆಯುತ್ತಲೇ ಹೋಯಿತು.

ಯಜಮಾನರು, ಅಂದರೆ ಶಿವಶಂಕರ್, ಪಾಲಿಟೆಕ್ನಿಕ್ಕಿನಲ್ಲಿ ಎಲೆಕ್ಟ್ರಿಕಲ್ ಪಾಠ ಹೇಳಿ ನಿವೃತ್ತರಾದವರು. ಕಾರಿನ ಮೇಲೆ ಒಂದು ಮಾತಂದರೆ ಒಂದು ಗಂಟೆ ಪಾಠ. ತಾಳಿ ಕಟ್ಟಿಸಿಕೊಂಡ ತಪ್ಪಿಗೆ ತಾಳಿಕೊಂಡೆ.

ತಾಳ್ಮೆ ಕೆಟ್ಟದ್ದು ಅಗ್ರಹಾರದಲ್ಲಿ. ಅಕ್ಕನ ಮೊಮ್ಮಗುವಿನ ನಾಮಕರಣಕ್ಕೆ ಹೊರಟಿದ್ದೆವು. ಹೂವಿನಂಗಡಿಯ ಎದುರಿಗೆ, ಬೀದಿಯ ನಟ್ಟನಡುವೆ, ಕಾರು ಒಂದು ನಿಟ್ಟುಸಿರನ್ನೂ ಬಿಡದೆ ನಿಂತುಬಿಟ್ಟಿತು. ಹಿಂದೆ ಆಟೋಗಳ ಮೆರವಣಿಗೆ. ಸ್ಟೀರಿಂಗ್ ಬಿಟ್ಟು ಇಳಿಯುವಂತಿಲ್ಲ ಎಂದು ಯಜಮಾನರು ಕೂತೇ ಇದ್ದರು. ರೇಷ್ಮೆ ಸೀರೆಯ ನೆರಿಗೆ ಎತ್ತಿ ಸಿಕ್ಕಿಸಿ ನಾನು ತಳ್ಳಿದೆ. ಹೂವಿನಾಕೆ ಮರುಗಿ ಕೈಜೋಡಿಸಿದಳು. ನಾವು ತಲುಪುವಷ್ಟರಲ್ಲಿ ಮಗುವಿಗೆ ಹೆಸರಿಟ್ಟು, ಎರಡನೇ ಪಂಕ್ತಿಯ ಎಲೆಯನ್ನೂ ಎತ್ತಿಯಾಗಿತ್ತು. ನನ್ನ ಅವತಾರ ನೋಡಿದ ಅಕ್ಕ, ಇಬ್ಬರೂ ಜಗಳ ಮಾಡಿಕೊಂಡು ಬಂದಿರಾ ಎಂದು ಮೆಲ್ಲಗೆ ವಿಚಾರಿಸಿದಳು.

ಅಂದು ಸಂಜೆ ಹೇಳಿಯೇಬಿಟ್ಟೆ. "ಈ ಮನೇಲಿ ಇನ್ಮೇಲೆ ಒಂದೋ ಕಾರಿರ್ಬೇಕು, ಇಲ್ಲ ನಾನಿರ್ಬೇಕು. ನೀವೇ ತೀರ್ಮಾನ ಮಾಡಿ." ಅವರು ಯೋಚನೆ ಮಾಡುವುದಕ್ಕೆ ಎಷ್ಟು ಹೊತ್ತು ತೆಗೆದುಕೊಂಡರು ಅನ್ನುವುದು ನನಗೆ ಈಗಲೂ ನೋವಿನ ವಿಷಯ.

ಮಾರೋಣವೆಂದರೆ ಗುಜರಿಯವನೊಬ್ಬನನ್ನು ಬಿಟ್ಟು ಯಾರೂ ತಿರುಗಿ ನೋಡಲಿಲ್ಲ. ಗುಜರಿ ಎಂಬ ಶಬ್ದ ಕಿವಿಗೆ ಬಿದ್ದದ್ದೇ ಯಜಮಾನರು ಒಂದು ಹೊತ್ತಿನ ಊಟ ಬಿಟ್ಟರು. ಆಗ ನನಗೆ ಹೊಳೆದದ್ದು ದಾನ. ಕೆಸರೆಯಲ್ಲಿ ಪುಟ್ಟಬಸಮ್ಮ ಎಂಬ ನಿವೃತ್ತ ಹೆಡ್‌ಮಿಸ್ಟ್ರೆಸ್ಸು ಹಿರಿಯರ ಹಗಲು ಕೇಂದ್ರ ನಡೆಸುತ್ತಿದ್ದರು. ಬೆಳಿಗ್ಗೆ ಬಂದು, ಭಜನೆ, ಚೌಕಾಬಾರ, ಹರಟೆ ಎಲ್ಲ ಮುಗಿಸಿ ಸಂಜೆ ಮನೆಗೆ ಹೋಗುವ ಜಾಗ. ನಮ್ಮ ಬಡಾವಣೆ ಕಡೆಯ ಮೂವರು ಹಿರಿಯರಿಗೆ ಅಲ್ಲಿಗೆ ನಡೆದು ಬರಲಾಗದು, ಒಂದು ವಾಹನ ಬೇಕಿತ್ತು. ದಾನ ಕೊಟ್ಟ ಹಸುವಿನ ಹಲ್ಲು ಎಣಿಸಬಾರದು ಅನ್ನುತ್ತಾರೆ. ಪುಟ್ಟಬಸಮ್ಮ ಡಿಕ್ಕಿ ತೆಗೆದು ಸ್ಟೆಪ್ನಿಯನ್ನೂ ಒತ್ತಿ ನೋಡಿ ಒಪ್ಪಿದರು. ಯಜಮಾನರದು ಒಂದೇ ಷರತ್ತು, ಓಡಿಸುವವರು ಅವರೇ, ಸಂಬಳ ಬೇಡ. ನನಗೆ ಯುಗಾದಿ ದೀಪಾವಳಿ ಒಟ್ಟಿಗೆ ಬಂದ ಹಾಗಾಯಿತು. ಕಾರೂ ತೊಲಗುತ್ತದೆ, ಹಗಲು ಹೊತ್ತು ಇವರೂ ಇರುವುದಿಲ್ಲ.

ಕಾಗದಪತ್ರ ಕೇಂದ್ರದ ಹೆಸರಿಗಾದ ಮೇಲೆ ಒಂದು ಸಣ್ಣ ಸಮಾರಂಭ. ಕಾರಿಗೆ ಹಾರ, ನನಗೆ ಶಾಲು. ಕೈಗೆ ಮೈಕು ಬಂದರೆ ಯಾರಿಗೆ ತಾನೇ ಬುದ್ಧಿ ನಿಲ್ಲುತ್ತದೆ? "ಈ ಕಾರು ನಮ್ಮ ಮಗಳಿದ್ದ ಹಾಗೆ. ತವರಿನ ಬಾಗಿಲು ಅವಳಿಗೆ ಸದಾ ತೆರೆದಿರುತ್ತೆ" ಎಂದೆ. ಭಾರೀ ಚಪ್ಪಾಳೆ.

ಮೂರು ದಿನ ಬೇಕೆಂದ ಹೊತ್ತಿಗೆ ಬಿಸಿನೀರು ಹೊಯ್ದುಕೊಂಡು ಸಾಮ್ರಾಜ್ಞಿಯ ಹಾಗೆ ಮೆರೆದೆ. ನಾಲ್ಕನೇ ದಿನ ಮೂರೂವರೆಗೆ ಮಗಳು ಗೇಟಿನ ಮುಂದೆ ನಿಂತಿದ್ದಳು. ಒಳಗೆ ಯಜಮಾನರು, ಜೊತೆಗೆ ಮೂವರು ಹಿರಿಯರು. ಕೇಂದ್ರದ್ದು ಬಾಡಿಗೆ ಕಟ್ಟಡವಂತೆ, ವೈರ್ ಸುಟ್ಟುಹೋಗುತ್ತದೆಂದು ಮಾಲೀಕರು ಕಾರಿಗೆ ಕರೆಂಟು ಕೊಡಲು ಒಪ್ಪಲಿಲ್ಲವಂತೆ. ನಾಲ್ಕು ಜನ ಕೂತರೆ ಬ್ಯಾಟರಿ ನಮ್ಮ ಮನೆಯವರೆಗೆ ಮಾತ್ರ ಬರುತ್ತದೆ, ಎರಡು ಗಂಟೆ ಉಂಡು ಮುಂದೆ ಹೋಗಬೇಕು. ಅವರನ್ನೆಲ್ಲ ಮನೆ ಮುಟ್ಟಿಸಿ ಮತ್ತೆ ಬಂದರೆ ಬೆಳಗಿನವರೆಗೂ ನಮ್ಮ ಗೀಸರಿನ ಪ್ಲಗ್ಗೇ ಗತಿ. ಪುಟ್ಟಬಸಮ್ಮನವರಿಗೆ ಫೋನ್ ಮಾಡಿದರೆ, ತವರಿನ ಮಾತನ್ನು ನನಗೇ ವಾಪಸು ಹೇಳಿದರು.

ಹೀಗೆ ಒಂದು ತಿಂಗಳು. ಹಿಂದಿನ ಸೀಟಿನಿಂದ ಚಾಮುಂಡಮ್ಮನವರನ್ನು ಹೊರಗೆಳೆಯುವುದೇ ಹತ್ತು ನಿಮಿಷದ ಕೆಲಸ. ಚಿಕ್ಕಯ್ಯನವರಿಗೆ ಉಪ್ಪಿಲ್ಲದ ಉಪ್ಪಿಟ್ಟು, ಶಾರದಮ್ಮನವರಿಗೆ ಈರುಳ್ಳಿ ಇಲ್ಲದ್ದು. ಎಲ್ಲರ ಕಾಫಿಯೂ ಬೇರೆ ಬೇರೆ. ಕಡೆಗೊಂದು ದಿನ ಚಾಮುಂಡಮ್ಮನವರ ಪಕ್ಕ ಕೂತು, ನಿಮಗೆ ಸುಮ್ಮನೆ ತೊಂದರೆ, ದಿನಾ ಇಲ್ಲಿ ಇಳಿಯಲೇಬೇಕು ಅಂತೇನಿಲ್ಲ ಎಂದು ನಯವಾಗಿ ಪೀಠಿಕೆ ಹಾಕಿದೆ.

ಅವರು ನನ್ನ ಕೈ ಹಿಡಿದುಕೊಂಡರು. "ಅಂಗನ್ಬೇಡಿ ಕಣಮ್ಮ. ನಿಮ್ಮೆಜಮಾನ್ರು ಎಲ್ಲಾ ಹೇಳವ್ರೆ. ಮಾತಿಗೆ ಜನ ಇಲ್ದೆ ಕೊರಗಿ, ಕೊನೆಗೆ ಕಾರಿನ್ ಕೂಡೆ ಜಗಳ ಆಡ್ತಿದ್ರಂತಲ್ಲ ನೀವು. ಪಾಪ ಅನ್ನಿಸ್ತು. ನಮ್ಗೆ ಸೊಂಟ ನೋವಾದ್ರೂ ಚಿಂತೆ ಇಲ್ಲ, ದಿನಾ ಒಸಿ ಹೊತ್ತು ಕೂತು ಹೋಗಾದು ಅಂತ ಮೂರೂ ಜನ ತೀರ್ಮಾನ ಮಾಡ್ಬುಟ್ಟಿದ್ದೀವಿ."

ಅಂಗಳದಲ್ಲಿ ಕಾರಿನ ಗಾಜು ಒರೆಸುತ್ತಿದ್ದವರನ್ನು ಹೋಗಿ ಹಿಡಿದೆ. ಅವರು ಬಟ್ಟೆ ಹಿಂಡುತ್ತಾ ಹೇಳಿದರು: "ಏನು ಮಾಡ್ಲಿ ಚಂದ್ರು? ಬೇರೆಯವರ ಮನೇಲಿ ಬಿಟ್ಟಿ ಕೂತು ತಿನ್ನಲ್ಲ, ಬಿಸಿಲಾದ್ರೂ ಕಾರಲ್ಲೇ ಇರ್ತೀವಿ ಅಂದ್ರು. ಅದಕ್ಕೇ ನಿನಗೇ ಜನ ಬೇಕು ಅಂದೆ." ಮೂರು ಮುದಿಜೀವಗಳು ಆ ಡಬ್ಬದೊಳಗೆ ಬೇಯುವುದನ್ನು ನೆನೆಸಿಕೊಂಡೆ. ಬೈಯುವುದು ಬಿಟ್ಟು ಒಳಗೆ ಹೋಗಿ ಎರಡನೇ ಸಲ ಕಾಫಿಗಿಟ್ಟೆ.

ಮೊನ್ನೆ ಪುಟ್ಟಬಸಮ್ಮನವರೇ ಬಂದು, ಸಹಿ ಬೇಕೆಂದು ಕೇಂದ್ರದ ರಿಜಿಸ್ಟರನ್ನು ಮುಂದಿಟ್ಟರು. ದಾನಿಗಳ ಪುಟದಲ್ಲಿ ಯಜಮಾನರ ಹೆಸರು ಮಾತ್ರ ಇತ್ತು. ನನ್ನದು ಮುಂದಿನ ಪುಟದಲ್ಲಿ, ಸೇವೆ ಪಡೆಯುತ್ತಿರುವ ಹಿರಿಯರ ಪಟ್ಟಿಯಲ್ಲಿ, ಚಿಕ್ಕಯ್ಯನವರ ಕೆಳಗೆ. ಚಂದ್ರಮತಿ, ವಯಸ್ಸು ಎಪ್ಪತ್ತೊಂದು, ಒಂಟಿತನ, ಸುಧಾರಿಸುತ್ತಿದ್ದಾರೆ.

"ನನಗಿನ್ನೂ ಐವತ್ತೆಂಟು" ಎಂದೆ.

ಅರವತ್ತು ದಾಟಿರದಿದ್ದರೆ ನಿಯಮದ ಪ್ರಕಾರ ಹೆಸರು ತೆಗೆಯಬೇಕಾಗುತ್ತದೆ, ಆಮೇಲೆ ಇವರು ಮೂವರೂ ಈ ಮನೆಯ ಹೊಸ್ತಿಲು ತುಳಿಯಲಾರರು, ಯೋಚನೆ ಮಾಡಿ ಎಂದರು ಪುಟ್ಟಬಸಮ್ಮ. ಸೋಫಾದ ಮೇಲೆ ಮೂರು ಜನ ಉಪ್ಪಿಟ್ಟಿನ ತಟ್ಟೆ ಹಿಡಿದುಕೊಂಡು, ಚಮಚ ಎತ್ತದೆ ನನ್ನನ್ನೇ ನೋಡುತ್ತಿದ್ದರು.

ನಾನು ಪೆನ್ನು ಇಸಕೊಂಡು, ಎಪ್ಪತ್ತೊಂದನ್ನು ಅರವತ್ತೊಂದು ಮಾಡಿ, ಸಹಿ ಹಾಕಿದೆ.